ರವಿವಾರ ಸಂಜೆಯ ಅಂಕಿ

ವಿಚಾರಣಾ ಸಮಿತಿಗೆ ನಾನು ಕೊಟ್ಟ ಹೇಳಿಕೆ ಒಂದೂವರೆ ಪುಟದ್ದು. ತಪ್ಪು ನನ್ನದೇ ಎಂದು ಬರೆದು ಸಹಿ ಹಾಕಿದ್ದೇನೆ. ಇನ್ನೂ ಹೇಳುವುದಿತ್ತು. ಅಧ್ಯಕ್ಷರು ಕನ್ನಡಕ ಏರಿಸಿ, 'ಇಷ್ಟು ಸಾಕು, ಕಥೆ ಬೇಡ' ಎಂದುಬಿಟ್ಟರು. ಅವರಿಗೆ ಬೇಡವಾದರೆ ಬಿಡಲಿ, ನನಗೆ ಹೇಳದೆ ಇರಲಾಗುವುದಿಲ್ಲ. ಮೊದಲಿನಿಂದಲೂ ನನ್ನ ಬಾಯಿ ಸುಮ್ಮನಿರುವ ಪೈಕಿ ಅಲ್ಲ. ಸುಮ್ಮನಿರಬೇಕಾದ ಕಡೆಯೆಲ್ಲ ಮಾತಾಡಿದ್ದೇನೆ, ಮಾತಾಡಲೇಬೇಕಾದ ಕಡೆ ಹನ್ನೆರಡು ದಿನ ಬಾಯಿ ಮುಚ್ಚಿಕೊಂಡು ಕುಳಿತಿದ್ದೆ. ಆ ಹನ್ನೆರಡು ದಿನದ್ದೇ ನನಗೀಗ ಸಂಕಟ.

ನಾನು ದ್ರಾಕ್ಷಾಯಣಿ ಹೂಗಾರ. ಧಾರವಾಡದ 'ನಿರಾಳ' ಕೇಂದ್ರದಲ್ಲಿ ಪಟ್ಟಿ ಹೊಂದಿಸುವ ಕೆಲಸ. ಪಟ್ಟಿ ಎಂದರೆ ಕೈಗೆ ಕಟ್ಟುವ ಪಟ್ಟಿ. ಎರಡು ಬೆರಳಗಲ, ಬೂದು ಬಣ್ಣ, ನೀರು ಬಿದ್ದರೂ ಕೆಡುವುದಿಲ್ಲ. ಅದರ ಒಳಮೈ ಚರ್ಮಕ್ಕೆ ಅಂಟಿಕೊಂಡು ಬೆವರನ್ನು ಓದುತ್ತದೆ. ಮನುಷ್ಯನಿಗೆ ಭಯವಾದಾಗ, ಹಸಿವಾದಾಗ, ನಾಳೆ ಹೇಗಪ್ಪಾ ಎಂಬ ಚಿಂತೆ ಹತ್ತಿದಾಗ ಮೈಯೊಳಗೆ ಕೆಲವು ರಸಗಳು ಹೆಚ್ಚುತ್ತವೆ, ಬೆವರಿಗೂ ಇಳಿಯುತ್ತವೆ. ರಸ ಹೆಚ್ಚಿದಷ್ಟೂ ಅಂಕಿ ಇಳಿಯುತ್ತದೆ, ಕಡಿಮೆಯಾದಷ್ಟೂ ಏರುತ್ತದೆ. ಮನೆಯವರ ಅಂಕಿಗಳನ್ನು ಕೂಡಿಸಿ, ಆ ಮನೆ ನೂರಕ್ಕೆ ಎಷ್ಟು ನಿರಾಳವಾಗಿದೆ ಎಂದು ತೆಗೆಯುತ್ತೇವೆ. ರವಿವಾರ ಸಂಜೆ ಆರು ಗಂಟೆಗೆ ಅಂಕಿ ಅರವತ್ತಕ್ಕಿಂತ ಕೆಳಗಿದ್ದರೆ ಸೋಮವಾರ ಬೆಳಿಗ್ಗೆ ಆ ಮನೆಯ ಹೆಂಗಸಿನ ಖಾತೆಗೆ ಹಣ ಬೀಳುತ್ತದೆ. ಮೇಲಿದ್ದರೆ ಆ ವಾರ ಇಲ್ಲ. ಯೋಜನೆ ಎಂದರೆ ಇಷ್ಟೇ.

ಇದಕ್ಕೆ ನಗಬೇಡಿ. ಬಡವರು ಅನ್ನಿಸಿಕೊಳ್ಳಲು ಮೊದಲೆಲ್ಲ ಎಷ್ಟು ಕಾಗದ ಬೇಕಿತ್ತು ಎಂಬುದು ಕಾಗದ ಹಿಡಿದು ನಿಂತವರಿಗೇ ಗೊತ್ತು. ನನ್ನವ್ವ ಹೂ ಮಾರಿ ನನ್ನನ್ನು ಓದಿಸಿದಾಕೆ. ಅವಳ ವಿಧವಾ ವೇತನಕ್ಕೆ ಒಂದೇ ಒಂದು ಸಹಿ ಬೇಕಾಗಿ ನಾವಿಬ್ಬರೂ ಹನ್ನೊಂದು ಸಲ ಕಚೇರಿ ಮೆಟ್ಟಿಲು ಹತ್ತಿದ್ದೆವು. ಮನೆಯಲ್ಲಿ ಫ್ಯಾನಿದೆಯಲ್ಲ ಎಂದು ಒಬ್ಬ ಗುಮಾಸ್ತ ಅರ್ಜಿಯನ್ನೇ ತಿರುಗಿಸಿ ಒಗೆದಿದ್ದ. ಹಾಗಾಗಿ ನಮ್ಮ ಕೇಂದ್ರದ ಮುಖ್ಯಸ್ಥರು, ಈ ಪಟ್ಟಿಯನ್ನು ರೂಪಿಸಿದ ಡಾಕ್ಟರ್ ವಾದಿರಾಜ ಗಲಗಲಿಯವರು ಮೊದಲ ದಿನ ನಮ್ಮೆದುರು ನಿಂತು, "ಸಾಹೇಬ್ರು ಸುಳ್ಳು ಬರೀಬಹುದು, ಕಾಗದ ಸುಳ್ಳು ಹೇಳಬಹುದು, ಬೆವರು ಹೇಳೂದಿಲ್ಲ ನೋಡ್ರಿ" ಎಂದಾಗ ನನ್ನ ಕಣ್ಣಲ್ಲಿ ನೀರೇ ಬಂದಿತ್ತು. ಮನಸಾರೆ ನಂಬಿದೆ.

ಒಂದು ತೊಡಕಿತ್ತು. ಎಲ್ಲರ ಮೈಯೂ ಒಂದೇ ಥರ ಇರುವುದಿಲ್ಲ. ಕೇಂದ್ರದಲ್ಲಿ ತಮಾಷೆಗೆ ನಾವೆಲ್ಲ ಪಟ್ಟಿ ಕಟ್ಟಿಕೊಂಡಾಗ ಗಲಗಲಿ ಸರ್ ಅವರದು ಮೂವತ್ತೆಂಟು ಬಂದಿತ್ತು. ಮಗಳ ಮದುವೆ ಹತ್ತಿರವಿತ್ತು, ಪಾಪ. ಬಾಗಿಲಲ್ಲಿ ಕೂರುವ ಕಾವಲುಗಾರನದು ಎಂಬತ್ತು! ಆದ್ದರಿಂದ ಪಟ್ಟಿ ಕಟ್ಟಿದ ಮೊದಲ ಆರು ವಾರ ಹಣ ಕೊಡುವುದಿಲ್ಲ, ಸುಮ್ಮನೆ ನೋಡುತ್ತೇವೆ. ಆ ಮೈಯ ಮಾಮೂಲು ಸ್ಥಿತಿ ಯಾವುದೆಂದು ಗೊತ್ತುಮಾಡಿಕೊಂಡು ಅದನ್ನು ಐವತ್ತು ಎಂದು ಹಿಡಿಯುತ್ತೇವೆ. ಅದಕ್ಕೆ ತಳಮಟ್ಟ ಎನ್ನುತ್ತೇವೆ. ಮುಂದಿನದೆಲ್ಲ ಅದರ ಮೇಲೆ ಎಷ್ಟು, ಕೆಳಗೆ ಎಷ್ಟು ಎಂಬ ಲೆಕ್ಕ. ಮಲ್ಲಾಪುರದ ತಳಮಟ್ಟ ಹಾಕಿದವಳು ನಾನು.

ಮಲ್ಲಾಪುರ ಹಾವೇರಿ ಸೀಮೆಯ ಮೆಣಸಿನಕಾಯಿ ಪೇಟೆ. ಸಂಕ್ರಾಂತಿ ಕಳೆದದ್ದೇ ತಡ, ಲಾರಿಗಟ್ಟಲೆ ಕಾಯಿ ಬಂದು ಬೀಳುತ್ತದೆ. ಊರಿನ ಬಡ ಹೆಂಗಸರೆಲ್ಲ ಗೋದಾಮುಗಳಲ್ಲಿ ಕುಳಿತು ಅದರ ತೊಟ್ಟು ಬಿಡಿಸುತ್ತಾರೆ. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ, ಕಿಲೋಗೆ ಇಷ್ಟು ಎಂದು ಕೂಲಿ. ಮೇ ಕೊನೆಗೆ ಕಾಯಿ ಮುಗಿಯುತ್ತದೆ, ಕೂಲಿಯೂ ಮುಗಿಯುತ್ತದೆ. ಮುಂದಿನ ಏಳು ತಿಂಗಳು ಸಿಕ್ಕಿದ ಕೆಲಸ, ಅದೂ ಸಿಕ್ಕಿದರೆ.

ನಾನು ಫೆಬ್ರುವರಿಯನ್ನೇ ಆರಿಸಿಕೊಂಡೆ. ಮುನ್ನೂರ ಹನ್ನೆರಡು ಮನೆಯ ಹೆಂಗಸರು ನಾಲ್ಕೇ ಗೋದಾಮುಗಳಲ್ಲಿ ಒಟ್ಟಿಗೆ ಸಿಗುತ್ತಾರೆ, ಮಕ್ಕಳೂ ಅಲ್ಲೇ ತಾಯಂದಿರ ಪಕ್ಕ ಚೀಲದ ಮೇಲೆ ಕುಳಿತಿರುತ್ತವೆ, ಮನೆಮನೆ ಅಲೆಯುವ ಕಾಟವಿಲ್ಲ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಗೋದಾಮಿನೊಳಗೆ ಕಾಲಿಟ್ಟ ಕೂಡಲೇ ಸೀನು ಶುರುವಾಯಿತು. ಗಾಳಿಯೆಲ್ಲ ಖಾರ. ಕಣ್ಣು, ಮೂಗು, ಗಂಟಲು ಒಂದೂ ಬಿಡದೆ ಉರಿ. ನನ್ನ ಅವಸ್ಥೆ ನೋಡಿ ಇಡೀ ಗೋದಾಮು ನಕ್ಕಿತು. ಎದುರಿಗೆ ಕುಳಿತಿದ್ದ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಕೇಳಿದಳು:

"ಏನ್ರಿ ಅಕ್ಕಾರ, ನೀವು ಕೊಡಾಕ ಬಂದೀರೊ, ಕಸಗೊಳ್ಳಾಕ ಬಂದೀರೊ? ಮೊದಲ ಹೇಳಿಬಿಡ್ರಿ."

"ಕೊಡಾಕ ಬಂದೀನವ್ವಾ."

"ಹಂಗಾರ ಕೈಗೆ ಯಾಕ, ಕುತ್ತಿಗಿಗೂ ಒಂದ ಕಟ್ಟಿಬಿಡ್ರಿ."

ಅವಳೇ ಫಕ್ಕೀರವ್ವ. ಹನ್ನೆರಡನೆಯ ವಯಸ್ಸಿನಿಂದ ತೊಟ್ಟು ಬಿಡಿಸಿದವಳು. ಗಂಡ ಪೇಟೆಯಲ್ಲಿ ಹಮಾಲಿ, ಕೆಲಸ ಇಲ್ಲದಾಗ ಗೋವಾ ಕಡೆ ಹೋಗುತ್ತಾನೆ. ಪಕ್ಕದಲ್ಲಿ ಐದು ವರ್ಷದ ಮಗಳು ಶ್ರಾವಣಿ, ಮೂಗು ಸೋರಿಸಿಕೊಂಡು ಕಾಯಿಗಳನ್ನು ಸಾಲಾಗಿ ಜೋಡಿಸುತ್ತಿತ್ತು. ತಾಯಿಗೊಂದು, ಮಗಳಿಗೊಂದು ಪಟ್ಟಿ ಕಟ್ಟಿದೆ. ಆರು ವರ್ಷದೊಳಗಿನ ಮಗುವಿನ ಅಂಕಿಗೆ ನಮ್ಮಲ್ಲಿ ಎರಡು ಪಾಲು ತೂಕ. ಮಗುವಿನ ಹಸಿವು ಮೊದಲು ಕಾಣಲಿ ಎಂದು ಒಳ್ಳೆಯ ಮನಸ್ಸಿನಿಂದಲೇ ಮಾಡಿದ ನಿಯಮ ಅದು.

"ಪಟ್ಟಿ ಐತಿ ಅನ್ನೂದನ್ನ ಮರತುಬಿಡ್ರಿ. ದಿನಾ ಹೆಂಗ ಇರ್ತೀರೊ ಹಂಗ ಇರ್ರಿ" ಎಂದು ಎಲ್ಲರಿಗೂ ಹೇಳಿದೆ. ಅವರು ನಾನು ಹೇಳಿದಂತೆಯೇ ನಡೆದುಕೊಂಡರು. ದಿನಾ ಹತ್ತು ತಾಸು ಖಾರದಲ್ಲಿ ಕುಳಿತರು. ಒಂದು ವಾರ ಪೂರ್ತಿ ಅಲ್ಲಿ ಸೀನಿ ಸೀನಿ ಸಾಕಾಗಿ ಊರಿಗೆ ಬಂದವಳು ನಾನು, ಎಂ.ಎಸ್‌ಸಿ. ಓದಿದವಳು. ಆದರೂ ನನ್ನ ತಲೆಗೆ ಹೊಳೆಯಲಿಲ್ಲ ನೋಡಿ.

ಏಪ್ರಿಲ್, ಮೇ ಚೆನ್ನಾಗಿ ನಡೆಯಿತು. ಅಂಕಿ ಐವತ್ತರ ಆಚೀಚೆ ಆಡುತ್ತಿತ್ತು, ಸೋಮವಾರ ತಪ್ಪದೆ ಹಣ ಬೀಳುತ್ತಿತ್ತು. ಮೇ ತಿಂಗಳಲ್ಲಿ ಒಮ್ಮೆ ಹೋದಾಗ ಫಕ್ಕೀರವ್ವ ಹೊಸ ಕುಕ್ಕರು ತೋರಿಸಿದಳು. ಶ್ರಾವಣಿಯ ಕೆನ್ನೆ ತುಂಬಿಕೊಂಡಿತ್ತು. "ಸೋಮವಾರ ಬಂತಂದ್ರ ತತ್ತಿ ತತ್ತಿ ಅಂತ ಕುಣೀತಾಳ್ರಿ ಇಕಿ. ಎರಡ ತತ್ತಿ ಒಬ್ಬಾಕೀನ ತಿಂತಾಳ. ಹೊಟ್ಟಿ ಅನ್ನಬೇಕೊ ಕಣಜ ಅನ್ನಬೇಕೊ" ಎಂದು ಮಗಳ ಬೆನ್ನಿಗೆ ಮೆಲ್ಲಗೆ ಗುದ್ದಿದಳು. ನಾನು ಅಲ್ಲಿಂದ ಹಾಡು ಗುನುಗುತ್ತಾ ಬಂದೆ.

ಜೂನ್ ಎರಡನೆಯ ವಾರ ಕೇಂದ್ರದ ದೊಡ್ಡ ಪರದೆಯ ಮೇಲೆ ಮಲ್ಲಾಪುರ ಏರತೊಡಗಿತು. ಅರವತ್ತೈದು, ಎಪ್ಪತ್ತೊಂದು, ಎಪ್ಪತ್ತೆಂಟು. ಬೇರೆ ಊರುಗಳೆಲ್ಲ ತೆವಳುತ್ತಿರುವಾಗ ಇದೊಂದು ಓಡುತ್ತಿತ್ತು. ಎರಡೇ ತಿಂಗಳ ಹಣಕ್ಕೆ ಒಂದು ಊರಿನ ಬಡವರು ನಿರಾಳವಾದರು ಎಂದು ಗಲಗಲಿ ಸರ್ ಪೇಢೆ ತರಿಸಿ ತಾವೇ ಹಂಚಿದರು. "ನಿಮ್ಮ ಕೈಗುಣಾ ನೋಡ್ರಿ ದ್ರಾಕ್ಷಾಯಣಿ" ಎಂದರು. ನಾನು ಎರಡು ಪೇಢೆ ತಿಂದೆ. ಅಂಕಿ ಅರವತ್ತು ದಾಟಿದ ವಾರದಿಂದಲೇ ಮಲ್ಲಾಪುರಕ್ಕೆ ಹಣ ನಿಂತಿತ್ತು.

ಆಗಸ್ಟಿನ ಒಂದು ಬುಧವಾರ ವಾರ್ಷಿಕ ವರದಿಗೆ ನಾಲ್ಕು ಫೋಟೊ ತೆಗೆದುಕೊಂಡು ಬಾ ಎಂದು ನನ್ನನ್ನು ಅಲ್ಲಿಗೆ ಕಳಿಸಿದರು. ಮಳೆ ಜಿಟಿಜಿಟಿ ಹಿಡಿದಿತ್ತು. ಗೋದಾಮುಗಳಿಗೆಲ್ಲ ಬೀಗ. ನಾನು ಫಕ್ಕೀರವ್ವನ ಮನೆಗೆ ಹೋದಾಗ ಹನ್ನೊಂದು ಗಂಟೆ. ಒಲೆಯೂ ಹತ್ತಿರಲಿಲ್ಲ, ಗ್ಯಾಸೂ ಉರಿಯುತ್ತಿರಲಿಲ್ಲ. ಕುಕ್ಕರು ಕಾಣಲಿಲ್ಲ.

"ಬರ್ರಿ ಅಕ್ಕಾರ, ಕುಂದರ್ರಿ. ಚಾ ಮಾಡತಿದ್ದೆ, ಸಕ್ಕರಿ ಇಲ್ಲ" ಎಂದಳು. ಮುಖ ಇಳಿದುಹೋಗಿತ್ತು. ಗೋವಾಕ್ಕೆ ಹೋದ ಗಂಡ ತಿಂಗಳಿಂದ ಫೋನು ಮಾಡಿರಲಿಲ್ಲ.

"ಮತ್ತ ನಿಮ್ಮನಿ ಅಂಕಿ ಎಪ್ಪತ್ತೆಂಟ ತೋರಸ್ತೈತಲ್ಲ ಫಕ್ಕೀರವ್ವಾ?"

"ಹೌದ್ರಿ, ಫೋನಿನ್ಯಾಗ ನಾನೂ ನೋಡ್ತೇನಿ. ಎಪ್ಪತ್ತೆಂಟ ಅಂದ್ರ ಏನರಿ ಅದು?"

"ಅಂದ್ರ… ನೀವು ನಿರಾಳ ಅದೀರಿ ಅಂತ."

ಅವಳು ನನ್ನನ್ನೇ ನೋಡಿದಳು. "ಹೌದೇನ್ರಿ? ನಂಗ ಯಾರೂ ಹೇಳೇ ಇಲ್ಲ ನೋಡ್ರಿ" ಎಂದಳು.

ಆಗ ಶ್ರಾವಣಿ ಒಳಗಿನಿಂದ ಬಂದು ತಾಯಿಗೆ ಒರಗಿ ನಿಂತಿತು. ಮೇ ತಿಂಗಳ ಕೆನ್ನೆ ಎಲ್ಲಿ ಹೋಗಿತ್ತೋ. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿತ್ತು. ನಾನು ಆ ಕೈ ಹಿಡಿದು ಪಟ್ಟಿಯನ್ನು ತುಸು ಸರಿಸಿದೆ. ಕೆಳಗೆ ಚರ್ಮ ಕೆಂಪಗೆ ಬೆಂದಂತಾಗಿ ಅಲ್ಲಲ್ಲಿ ಗುಳ್ಳೆ ಎದ್ದಿದ್ದವು. ಪಟ್ಟಿ ಒಗ್ಗಲಿಲ್ಲವೇನೋ ಎಂದು ಬೆರಳಿನಿಂದ ಸವರಿ ನೋಡಿದೆ. ಮಗು ಹಾ ಎಂದು ಕೈ ಎಳೆದುಕೊಂಡಿತು. ಮಳೆಹನಿ ಬಿತ್ತೆಂದು ಅದೇ ಬೆರಳಿಂದ ಕಣ್ಣು ಒರೆಸಿಕೊಂಡೆ. ಅಯ್ಯಯ್ಯೋ! ಕಣ್ಣಿಗೆ ಬೆಂಕಿ ಬಿದ್ದಂತಾಯಿತು.

ಫಕ್ಕೀರವ್ವ ಚೊಂಬಿನಲ್ಲಿ ನೀರು ತಂದು ಕೊಟ್ಟಳು. ನಾನು ಕಣ್ಣು ತೊಳೆದುಕೊಂಡು ತಲೆ ಎತ್ತಿದಾಗ ಅವಳು ಗೋಡೆ ನೋಡುತ್ತಿದ್ದಳು.

"ಖಾರಾ ಹಚ್ಚೀಯೇನು ಕೂಸಿಗೆ?"

"ಹಚ್ಚೇನ್ರಿ."

ನನಗೆ ಸಿಟ್ಟು ನೆತ್ತಿಗೇರಿತು. "ನೀ ತಾಯಿ ಏನ? ಮನುಷ್ಯಾಳೇನ ನೀನು?" ಎಂದು ಕೂಗಿಬಿಟ್ಟೆ.

"ಮೊದಲ ನಾ ಹಚ್ಚಲಿಲ್ಲರಿ, ಇಕೀನ ಹಚ್ಚಿಕೊಂಡಿದ್ಳು. ಮನ್ಯಾಗಿನ ಕಾಯಿ ಮುರದು ಆಟ ಆಡಾಕ ಹೋಗಿ ಪಟ್ಟಿ ಒಳಗ ಬಿತ್ತು. ಅತ್ತು ಅತ್ತು ಸಾಕ ಮಾಡಿದ್ಳು. ಅವತ್ತ ರವಿವಾರಿತ್ತು. ಮರುದಿನಾ ರೊಕ್ಕಾ ಬಂತು, ಒಂದ ತಿಂಗಳಾದ ಮ್ಯಾಲ. ಆಮ್ಯಾಲ ನಂಗ ತಿಳೀತು. ನನ್ನ ಕೈಗೆ ಹಚ್ಚಿ ನೋಡಿದ್ನಿ. ನನ್ನ ಕೈ ಸತ್ತ ಕೈ ಅಕ್ಕಾರ, ಇಷ್ಟ ವರ್ಷ ಖಾರದಾಗ ಆಡಿದ್ದು, ಅದಕ್ಕ ಏನೂ ಹತ್ತಂಗಿಲ್ಲ. ಒಲಿಗೆ ಕಾಯಿ ಹಾಕಿ ಹೊಗಿ ಸೈತ ಕುಡದೆ. ನಾಲ್ಕ ಅಂಕಿ ಇಳೀತು, ಅಷ್ಟ. ಇಕಿದಾದ್ರ ಎಳೇ ಕೈ."

"ಎಷ್ಟ ಸಲಾ ಹಚ್ಚೀ?"

"ಮೂರ ಸಲಾ. ಹೋದ ರವಿವಾರ ಭಾಳ ಅತ್ತಳ್ರಿ. ನನಗ ಕೈ ಬರಲಿಲ್ಲ, ಕಡಿಮಿ ಹಚ್ಚಿದೆ. ಅರವತ್ತೊಂದಕ್ಕ ನಿಂತುಬಿಡ್ತು." ಅವಳು ಮಗಳ ತಲೆ ಸವರಿದಳು. "ಎರಡ ಅಂಕಿ ಅಕ್ಕಾರ. ಇನ್ನೊಂದ ಸ್ವಲ್ಪ ಹಚ್ಚಿದ್ರ ಈ ವಾರ ಉಂತಿದ್ಳು."

ಫೆಬ್ರುವರಿಯ ಗೋದಾಮು, ಆ ಸೀನು, ಆ ಉರಿ ಎಲ್ಲ ಒಮ್ಮೆಲೇ ನೆನಪಾಯಿತು. ಖಾರ ತಾಗಿದರೆ ಮೈಗೆ ಅದು ಬೆಂಕಿಯೇ. ಮೈ ಬೆದರಿ ಭಯದ, ಹಸಿವಿನ ಅದೇ ರಸಗಳನ್ನು ಬಿಡುತ್ತದೆ. ಆ ಉರಿಯಲ್ಲಿದ್ದ ಮೈಯನ್ನು ನಾನು ಇವರ ಮಾಮೂಲು ಎಂದು ಹಿಡಿದಿದ್ದೆ. ಮಳೆಗಾಲದಲ್ಲಿ ಖಾರವಿಲ್ಲ, ಉರಿಯಿಲ್ಲ. ಕೆಲಸವೂ ಇಲ್ಲ, ಅನ್ನವೂ ಇಲ್ಲ. ಪಟ್ಟಿಗೆ ಕಂಡದ್ದು ಉರಿ ಇಲ್ಲದ್ದು ಮಾತ್ರ. ಗೋದಾಮಿನಲ್ಲಿ ಹತ್ತು ತಾಸು ಬೇಯುವುದಕ್ಕಿಂತ ಮನೆಯಲ್ಲಿ ಹಸಿದು ಕುಳಿತಿರುವುದು ನಿರಾಳ ಎಂದು ಅದು ಓದಿತ್ತು.

"ಈ ರವಿವಾರ ಹಚ್ಚಬ್ಯಾಡ ಫಕ್ಕೀರವ್ವಾ, ನಿನ್ನ ಕಾಲ ಬೀಳ್ತೀನಿ. ತಪ್ಪು ನಂದು. ನಾ ಸರಿ ಮಾಡಸ್ತೀನಿ. ಸೋಮವಾರ ರೊಕ್ಕಾ ಬರ್ತೈತಿ."

"ಖರೇನಾ?"

"ನನ್ನಾಣೆ."

ಮನೆಗೆ ಬಂದವಳೇ ಸೀರೆ ಕೂಡ ಬದಲಿಸದೆ ಅಡುಗೆಮನೆಗೆ ಹೋಗಿ ಖಾರದ ಪುಡಿಯನ್ನು ನೀರಿನಲ್ಲಿ ಕಲಸಿ, ಕೇಂದ್ರದಲ್ಲಿ ತಮಾಷೆಗೆ ಕಟ್ಟಿಕೊಂಡು ಇನ್ನೂ ಬಿಚ್ಚದೆ ಇದ್ದ ನನ್ನ ಪಟ್ಟಿಯ ಕೆಳಗೆ ಹಚ್ಚಿಕೊಂಡೆ. ಆಗ ನನ್ನ ಅಂಕಿ ಐವತ್ತೆಂಟು. ಮೂವತ್ತೈದು ನಿಮಿಷಕ್ಕೆ ಇಪ್ಪತ್ತನಾಲ್ಕಾಯಿತು. ಅಷ್ಟರಲ್ಲಿ ನಾನು ಅಡುಗೆಮನೆಯಲ್ಲಿ ಕುಣಿಯುತ್ತಿದ್ದೆ. ಅತ್ತೆ ಓಡಿಬಂದು, "ಹುಚ್ಚ ಗಿಚ್ಚ ಹಿಡೀತೇನ ನಿನಗ? ಯಾಕ ಹಚ್ಚಿಕೊಂಡೀ ಅದನ್ನ?" ಎಂದು ಬೈಯುತ್ತಲೇ ಪಟ್ಟಿ ಕಿತ್ತು ಕೈಗೆ ತುಪ್ಪ ಸವರಿದರು. ನಾನು ಎಲ್ಲ ಹೇಳಿದೆ. ಅವರ ಬೈಗುಳ ನಿಂತಿತು. ತುಪ್ಪದ ಡಬ್ಬಿ ಮುಚ್ಚುತ್ತಾ, "ನಿನಗಂತೂ ನಾ ತುಪ್ಪಾ ಹಚ್ಚಿದೆ. ಆ ಕೂಸಿಗೆ?" ಎಂದರು. ಆ ರಾತ್ರಿ ನಾನು ಊಟ ಮಾಡಲಿಲ್ಲ.

ಮರುದಿನ ಗಲಗಲಿ ಸರ್ ಮುಂದೆ ಎಲ್ಲ ಇಟ್ಟೆ. ಅವರು ಜಗಳಕ್ಕೆ ನಿಲ್ಲಲಿಲ್ಲ. ಅಂಕಿಗಳನ್ನು ಮೂರು ಸಲ ನೋಡಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು.

"ತಪ್ಪು ಖರೆ. ನಾನೂ ನೋಡಬೇಕಿತ್ತು" ಎಂದರು.

"ಹಂಗಾದ್ರ ಇವತ್ತ ಹೊಸಾ ತಳಮಟ್ಟ ಹಾಕೋಣ ಸರ್."

"ಇವತ್ತ ಅವರು ಹಸದಾರ. ಹಸದ ಮೈ ತಳಮಟ್ಟ ಆದ್ರ ಹಸಿವೇ ಅವರ ಮಾಮೂಲು ಅಂತ ಆಗ್ತದ. ಆ ಮಂದಿ ನಿಶ್ಚಿಂತಿ ಇದ್ದ ಆರು ವಾರ ತೋರಸ್ರಿ ನನಗ, ವರ್ಷದಾಗ ಯಾವುದರ ಆರು ವಾರ. ನಾಳೆನೇ ಹಾಕಿಕೊಡ್ತೀನಿ."

ಬೇಸಿಗೆಯಲ್ಲಿ ಉರಿ, ಮಳೆಗಾಲದಲ್ಲಿ ಹಸಿವು, ಚಳಿಗಾಲದಲ್ಲಿ ಸುಗ್ಗಿಯ ಕೂಲಿಗೆ ಅಲೆದಾಟ. ಎಷ್ಟು ಹುಡುಕಿದರೂ ನನಗೆ ಆರು ವಾರ ಸಿಗಲಿಲ್ಲ.

"ಹಂಗಾದ್ರ ಅಂಕಿ ಬಿಟ್ಟು ಸುಮ್ಮನ ಕೊಡೋಣ. ಎಲ್ಲರಿಗೂ, ಸಮಾ."

"ಅಂಕಿ ಬಿಟ್ಟು ಕೊಡೂ ಅಧಿಕಾರ ನನಗಿಲ್ಲ. ಮ್ಯಾಲಿನವರಿಗೆ ಬರದೆ ಅಂದ್ರ, ಯಂತ್ರ ತಪ್ಪದ ಅಂತ ಒಪ್ಪಿಕೊಂಡಂಗ. ಈ ಯೋಜನಾ ಮುಚ್ಚಲಿಕ್ಕೆ ಕಾದು ಕೂತವರು ಎಷ್ಟ ಮಂದಿ ಇದ್ದಾರ ಗೊತ್ತದ ನಿಮಗ. ಇಪ್ಪತ್ತಾರು ಸಾವಿರ ಮನಿಗೆ ಇದು ಸರಿಯಾಗೇ ನಡದದ ದ್ರಾಕ್ಷಾಯಣಿ. ಮುನ್ನೂರು ಮನಿಗಾಗಿ ಅವರೆಲ್ಲಾರ ಒಲಿ ಆರಸ್ತೀರೇನು? ಸ್ವಲ್ಪ ತಡೀರಿ. ಬಜೆಟ್ ಒಂದು ಮುಗೀಲಿ, ಸುಮ್ಮನ ಒಳಗಿಂದೊಳಗ ಸರಿ ಮಾಡೋಣ."

ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಿತ್ತು. ಟೇಬಲ್ಲು ಗುದ್ದಿ ಎದ್ದು ಬರುತ್ತಿದ್ದೆ. ಅವರ ಮಾತಿನಲ್ಲಿ ಅರ್ಧ ನಿಜವಿತ್ತು. ನಾನು ಸುಮ್ಮನೆ ಹೊರಗೆ ಬಂದೆ.

ಆ ರವಿವಾರ ಫಕ್ಕೀರವ್ವ ಹಚ್ಚಲಿಲ್ಲ. ನನ್ನ ಮಾತು ನಂಬಿದ್ದಳು. ಅವರ ಮನೆಯ ಅಂಕಿ ಎಪ್ಪತ್ತೊಂಬತ್ತು. ಸೋಮವಾರ ಹಣ ಬೀಳಲಿಲ್ಲ. ಮಧ್ಯಾಹ್ನ ಅವಳೇ ಫೋನು ಮಾಡಿದಳು.

"ಅಕ್ಕಾರ, ರೊಕ್ಕಾ ಇನ್ನೂ ಬಂದಿಲ್ಲರಿ. ನೆಟ್‌ವರ್ಕಿಂದ ಆಗಿರಬೇಕ ಅಲ್ಲರಿ?"

ನಾನು ಏನೋ ಬಡಬಡಿಸಿ, ನನ್ನ ಫೋನಿನಿಂದಲೇ ಅವಳಿಗೆ ಹಣ ಕಳಿಸಿದೆ. ಸಂಜೆ ಮತ್ತೆ ಫೋನು.

"ಇದು ನಿಮ್ಮ ಸ್ವಂತದ್ದು ಹೌದಲ್ಲರಿ? ನಾಕ ಮನಿಗೆ ಹಂಚಿನ್ರಿ, ಸಿಟ್ಟಾಗಬ್ಯಾಡ್ರಿ. ಮತ್ತ ಕಳಸಬ್ಯಾಡ್ರಿ. ಓಣ್ಯಾಗ ಎಲ್ಲಾರೂ ಮಕ್ಕಳ ಕೈಗೆ ಹಚ್ಚಾಕ ಹತ್ಯಾರ. ಅವರ ಮಕ್ಕಳು ಅಳೂದ ಕೇಳಿಕೊಂತ ನನ್ನ ಮಗಳಿಗಷ್ಟ ತತ್ತಿ ತಿನಸಲೇನ್ರಿ ನಾನು?"

ಎಲ್ಲಾರೂ ಎಂದದ್ದು ನನ್ನ ಎದೆಗೆ ಗುಂಡುಕಲ್ಲಿನಂತೆ ಬಿತ್ತು. ಅಲ್ಲಿಯವರೆಗೆ ಒಂದೇ ಮನೆ ಎಂದುಕೊಂಡಿದ್ದೆ. ನಾನು ನೋಡುತ್ತಿದ್ದದ್ದು ತಿಂಗಳ ಸರಾಸರಿ. ಅದರಲ್ಲಿ ರವಿವಾರ ಸಂಜೆಯ ಒಂದು ತಾಸು ಎಲ್ಲಿ ಕಾಣಬೇಕು?

ಮುಂದಿನ ರವಿವಾರ ನನ್ನ ಪಾಳಿ ಇಲ್ಲದಿ‌ದ್ದರೂ ಕೇಂದ್ರಕ್ಕೆ ಹೋದೆ. ಪರದೆಯ ಮೇಲೆ ಮಲ್ಲಾಪುರದ ಮಕ್ಕಳನ್ನಷ್ಟೇ ತೆರೆದಿಟ್ಟುಕೊಂಡು ಕುಳಿತೆ. ನಾಲ್ಕೂವರೆವರೆಗೆ ಎಲ್ಲ ಎಂಬತ್ತರ ಆಸುಪಾಸು. ಹೊರಗೆ ಹದವಾದ ಬಿಸಿಲಿತ್ತು, ಕಾವಲುಗಾರ ರೇಡಿಯೊದಲ್ಲಿ ಕ್ರಿಕೆಟ್ ಕೇಳುತ್ತಿದ್ದ. ನಾಲ್ಕು ಐವತ್ತಕ್ಕೆ ಒಂದು ಅಂಕಿ ಅಲುಗಿತು. ಎಂಬತ್ತೊಂದು, ಅರವತ್ತಾರು, ನಲವತ್ತು, ಇಪ್ಪತ್ತೊಂಬತ್ತು. ಅದರ ಹಿಂದೆ ಇನ್ನೊಂದು. ಮತ್ತೆರಡು. ಐದೂಕಾಲಿಗೆ ಲೆಕ್ಕ ಹಾಕಿದೆ, ನಲವತ್ತೊಂದು ಮಕ್ಕಳು. ಅಂಕಿಗಳಿಗೆ ದನಿ ಇರುವುದಿಲ್ಲ, ಅದೊಂದು ಪುಣ್ಯ. ಒಂದು ಮಗುವಿನದು ಅರವತ್ತೈದಕ್ಕೆ ಬಂದು ನಿಂತಿತು, ಸ್ವಲ್ಪ ಮೇಲೇರಿತು, ಮತ್ತೆ ದಡಕ್ಕನೆ ಬಿತ್ತು. ಸಾಲಲಿಲ್ಲ ಎಂದು ಇನ್ನೊಮ್ಮೆ ಹಚ್ಚಿದ್ದರು. ನಾನು ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ತಿರುಗಿ ಬಂದು ನೋಡಿದಾಗ ಶ್ರಾವಣಿಯದು ಇನ್ನೂ ಎಂಬತ್ತೆರಡೇ ಇತ್ತು. ಐದೂವರೆಯಾಯಿತು. ಹಚ್ಚಬೇಡ ಫಕ್ಕೀರವ್ವ ಎಂದು ನಾನು ಬಾಯಿಬಿಟ್ಟು ಪರದೆಗೆ ಹೇಳುತ್ತಿದ್ದೆ. ಹಚ್ಚದಿದ್ದರೆ ಉಣ್ಣುವುದೇನು ಎಂಬುದೂ ಜೊತೆಗೇ ನೆನಪಾಗುತ್ತಿತ್ತು. ಆರಕ್ಕೆ ಹತ್ತು ನಿಮಿಷವಿರುವಾಗ ಎಂಬತ್ತೆರಡು ಐವತ್ತಕ್ಕೆ ಇಳಿಯಿತು. ಆಮೇಲೆ ಮೂವತ್ತೊಂದು. ಮನೆಯ ಅಂಕಿ ನಲವತ್ತೇಳು ಎಂದು ಪರದೆ ಹಸಿರು ಗುರುತು ಹಾಕಿತು. ಅರ್ಹರು ಎಂದು ಅದರ ಅರ್ಥ.

ನಾನು ಅಲ್ಲೇ ಕುಳಿತು ಜೋರಾಗಿ ಅತ್ತೆ. ಕಾವಲುಗಾರ ರೇಡಿಯೊ ಆರಿಸಿ ಬಾಗಿಲಲ್ಲಿ ಬಂದು ನಿಂತ.

ಸೋಮವಾರ ಬೆಳಿಗ್ಗೆ, ಆ ಮಗುವಿನ ಕೈ ಕಂಡ ಹನ್ನೆರಡನೆಯ ದಿನ, ಗಲಗಲಿ ಸರ್ ಅವರನ್ನು ಕೇಳದೆ ನೇರ ಮೇಲಿನವರಿಗೇ ಪತ್ರ ಬರೆದೆ. ತಳಮಟ್ಟ ತಪ್ಪಾಗಿದೆ, ತಪ್ಪು ಮಾಡಿದವಳು ನಾನು, ಮಕ್ಕಳ ಕೈ ಸುಡುತ್ತಿದೆ. ಮಲ್ಲಾಪುರದ ಎಲ್ಲ ಮನೆಗೂ ಅಂಕಿ ನೋಡದೆ ಪ್ರತಿ ಸೋಮವಾರ ಹಣ ಕೊಡಿ, ಇವತ್ತಿನಿಂದಲೇ ಕೊಡಿ ಎಂದು ಕೇಳಿದೆ. ನನಗೆ ಏನು ಶಿಕ್ಷೆ ಬೇಕಾದರೂ ಆಗಲಿ ಎಂದೂ ಸೇರಿಸಿದೆ. ಅದನ್ನು ಬರೆಯುವಾಗ ಎಷ್ಟು ಹಗುರಾದೆ ಎಂದರೆ, ಅವತ್ತು ನನ್ನ ಅಂಕಿ ಎಪ್ಪತ್ತು ದಾಟಿತ್ತು. ಆ ಹಗುರದ ಬಗ್ಗೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಉತ್ತರ ಗುರುವಾರ ಬಂತು. ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ 'ನಿರಾಳ' ಯೋಜನೆಯನ್ನು ಎಲ್ಲ ಕಡೆ ತಕ್ಷಣ ನಿಲ್ಲಿಸಲಾಗಿದೆ. ವಿಚಾರಣಾ ಸಮಿತಿ ಆರು ತಿಂಗಳಲ್ಲಿ ವರದಿ ಕೊಡುತ್ತದೆ. ಅಲ್ಲಿಯವರೆಗೆ ಪಟ್ಟಿಗಳನ್ನೆಲ್ಲ ಬಿಚ್ಚಿ ತಂದು ಜಮಾ ಮಾಡತಕ್ಕದ್ದು. ಮಲ್ಲಾಪುರಕ್ಕೆ ಹಣ ಕೊಡಿ ಎಂದಿದ್ದೆನಲ್ಲ, ಅದರ ಬಗ್ಗೆ ಒಂದಕ್ಷರವಿಲ್ಲ. ಇಪ್ಪತ್ತಾರು ಸಾವಿರ ಮನೆಗೂ ಇಲ್ಲ. ಗಲಗಲಿ ಸರ್ ಆ ಕಾಗದವನ್ನು ಓದಿ, ಮಡಚಿ, ನನ್ನ ಮೇಜಿನ ಮೇಲಿಟ್ಟು, ತಮ್ಮ ಊಟದ ಡಬ್ಬಿ ಎತ್ತಿಕೊಂಡು ಹೊರಟುಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಪಟ್ಟಿ ಬಿಚ್ಚಲು ಮಲ್ಲಾಪುರಕ್ಕೆ ನನ್ನನ್ನೇ ಕಳಿಸಿದರು. ನಾನು ಹೋದ ದಿನ ರವಿವಾರ, ಮಧ್ಯಾಹ್ನ ಮೂರರ ಹೊತ್ತು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಕೈ ಕೊಟ್ಟರು, ನಾನು ಬಿಚ್ಚುತ್ತಾ ಹೋದೆ. ಒಬ್ಬ ಮುದುಕಿ ಮಾತ್ರ, "ಯಾರೋ ಚಾಡಿ ಹೇಳ್ಯಾರಂತಲ್ಲ, ಅವರ ಕೈ ಸೇದಿಹೋಗಲಿ" ಎಂದಳು. ಪತ್ರ ಬರೆದ ಅದೇ ಕೈಯಿಂದ ನಾನು ಅವಳ ಪಟ್ಟಿಯನ್ನೂ ಬಿಚ್ಚಿದೆ.

ಫಕ್ಕೀರವ್ವ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಳು. ಅವಳಿಗೆ ಗೊತ್ತಿತ್ತು.

"ನೀವ ಬರದ್ರಿ ಹೌದಲ್ಲರಿ?"

"ಹೌದು."

"ಕೂಸಿನ ಸಲುವಾಗಿ ಬರದ್ರಿ. ತಿಳೀತೈತಿ ನಂಗ." ತನ್ನ ಕೈಯನ್ನು ನನ್ನ ಮುಂದೆ ಚಾಚಿ, "ಕೇಳಿ ಬರೀಬೇಕಿತ್ತರಿ ಅಕ್ಕಾರ. ಒಂದ ಮಾತು ನಮ್ಮನ್ನ ಕೇಳಬೇಕಿತ್ತು" ಎಂದಳು.

ಅವಳ ಪಟ್ಟಿ ಬಿಚ್ಚಿದೆ. ಅಷ್ಟರಲ್ಲಿ ಒಳಗಿನಿಂದ ಶ್ರಾವಣಿ ಬಂತು. ಯೋಜನೆ ನಿಂತದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ರವಿವಾರ ಎಂಬುದಷ್ಟೇ ಗೊತ್ತು. ನನ್ನ ಮುಂದೆ ಬಂದು ಕಾಲು ಮಡಚಿ ಕುಳಿತು, ಎಡಗೈಯನ್ನು ನನ್ನ ಮೊಣಕಾಲ ಮೇಲಿಟ್ಟಿತು. ಮುಖವನ್ನು ಆಚೆ ತಿರುಗಿಸಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಫ್ರಾಕಿನ ಅಂಚನ್ನು ಬಾಯಲ್ಲಿ ಕಚ್ಚಿ ಹಿಡಿಯಿತು.

"ಇಲ್ಲ ಪುಟ್ಟಿ, ಹಚ್ಚಂಗಿಲ್ಲ. ಇನ್ನ ಯಾರೂ ಹಚ್ಚಂಗಿಲ್ಲ" ಎಂದು ಪಟ್ಟಿ ಬಿಚ್ಚಿ ಚೀಲದೊಳಗೆ ಹಾಕಿದೆ. ಕೈಯ ಸುತ್ತ ಹಕ್ಕಳೆಗಟ್ಟಿ ಕಪ್ಪಾಗಿತ್ತು.

ಮಗು ಕಣ್ಣು ತೆರೆದು ಬರಿಗೈ ನೋಡಿಕೊಂಡಿತು. ತಾಯಿಯ ಮುಖ ನೋಡಿತು. ತಾನು ಅತ್ತದ್ದಕ್ಕೇ ಪಟ್ಟಿ ಕಸಿದುಕೊಂಡರು ಎಂದುಕೊಂಡಿತೋ ಏನೋ, ಆ ಕೈ ಸರ್ರನೆ ಹಿಂದೆ ತೆಗೆದುಕೊಂಡು ಬಲಗೈಯನ್ನು ನನ್ನ ಮೊಣಕಾಲ ಮೇಲಿಟ್ಟಿತು.

"ಈ ಕೈಗೆ ಕಟ್ಟರಿ. ಇದು ಚಲೋ ಐತಿ. ನಾ ಅಳಂಗಿಲ್ಲ" ಎಂದಿತು.

ಫಕ್ಕೀರವ್ವ ಅದನ್ನು ಬಾಚಿ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಆ ಓಣಿಯಲ್ಲಿ ನಾನು ಇನ್ನೂ ಇಪ್ಪತ್ತಮೂರು ಮನೆಗೆ ಹೋಗುವುದಿತ್ತು.